ಮಶೀನಿನವರು, ಬಟ್ಟೆಯವರು ಮತ್ತು ನನ್ನ ಕೌದಿ

ವಿಮಾನ ನಿಲ್ದಾಣ

ಊರಿಗೆ ಬಂದ ಮೇಲೆ ಎಲ್ಲರೂ ಕೇಳುವುದು ಸಿಂಹದ ಬಗ್ಗೆ. ನಾನು ನೈರೋಬಿಯಲ್ಲಿ ಸಿಂಹ ನೋಡಲಿಲ್ಲ. ಕಾರಿನ ಕಿಟಕಿಯಿಂದ ದೂರದಲ್ಲಿ ಒಂದು ಜಿರಾಫೆಯ ಕುತ್ತಿಗೆ ಕಂಡಿತು, ಅಷ್ಟರಲ್ಲಿ ಲಾರಿ ಅಡ್ಡ ಬಂತು. ನಾನು ಅಲ್ಲಿ ನೋಡಿದ್ದು ಹೆಚ್ಚಾಗಿ ಬಟ್ಟೆ, ಸೂಜಿ, ದಾರ ಮತ್ತು ನನ್ನ ಅಕ್ಕನ ಮುಖ. ಆ ದಿನಗಳನ್ನು ನೆನೆದರೆ ಜೀವಕ್ಕೆ ಹಿತವಾಗುತ್ತದೆ, ಹಿಂದೆಯೇ ಸಂಕಟವೂ ಆಗುತ್ತದೆ. ಎರಡನ್ನೂ ಬರೆಯುತ್ತೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ ಮಾತ್ರ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆಫ್ರಿಕಾ ಎಂದರೆ ಬೆಂಕಿಯಂಥ ಬಿಸಿಲು ಎಂದು ನಮ್ಮ ಬೆಟಗೇರಿಯ ಓಣಿಯವರೆಲ್ಲ ಸೇರಿ ತೀರ್ಮಾನ ಮಾಡಿದ್ದರು. ಅವರ ಮಾತು ನಂಬಿ ಜುಲೈ ತಿಂಗಳಲ್ಲಿ ತೆಳ್ಳನೆಯ ನೂಲಿನ ಸೀರೆಗಳು, ಒಂದು ಬೀಸಣಿಗೆ, ಬೆವರುಸಾಲೆಯ ಪೌಡರು ಕಟ್ಟಿಕೊಂಡು ಹೊರಟೆ. ಇನ್ನೊಂದು ಚೀಲದ ತುಂಬ ಚಿಂದಿ. ಹಳೆಯ ಸೀರೆಯ ಸೆರಗು, ಖಣದ ತುಂಡು, ಧೋತರದ ಅಂಚು. ನಾನು ಕೌದಿ ಹೊಲಿಯುವವಳು. ಚಿಂದಿ ಇಲ್ಲದೆ ಎಲ್ಲಿಗೂ ಹೋದವಳಲ್ಲ.

ನೈರೋಬಿಯ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವ ಹೆಂಗಸು ಆ ಗಂಟನ್ನು ಬಿಚ್ಚಿಸಿದಳು. ಒಂದೊಂದೇ ತುಂಡು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಬಂಗಾರ ಮುಚ್ಚಿಟ್ಟಿದ್ದೇನೆ ಎಂದುಕೊಂಡಿರಬೇಕು. ನನಗೆ ಗೊತ್ತಿದ್ದ ಒಂದೇ ಇಂಗ್ಲಿಷ್ ಮಾತು ಹೇಳಿದೆ. "ಬ್ಲ್ಯಾಂಕೆಟ್." ಅವಳು ಆ ಚಿಂದಿಯ ರಾಶಿಯನ್ನೂ ನನ್ನ ಮುಖವನ್ನೂ ನೋಡಿ ಪಕ್ಕದವಳನ್ನು ಕರೆದು ತೋರಿಸಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವಳೇ ಎಲ್ಲವನ್ನೂ ನನಗಿಂತ ಅಚ್ಚುಕಟ್ಟಾಗಿ ಮಡಚಿ ಗಂಟು ಕಟ್ಟಿ, "ಕರಿಬು," ಅಂದಳು. ಬನ್ನಿ ಎಂದರ್ಥವಂತೆ. ಹೊರಗೆ ಬಂದರೆ ಮೋಡ ಕವಿದು ಕುಳಿರ್ಗಾಳಿ. ಹಲ್ಲು ಕಟಕಟ ಅನ್ನುತ್ತಿತ್ತು. ಅಕ್ಕ ಓಡಿ ಬಂದು ತನ್ನ ಸ್ವೆಟರನ್ನು ತೆಗೆದು ನನಗೆ ತೊಡಿಸಿದಳು, ಮಾತು ಆಮೇಲೆ.

ಹೈರಿಡ್ಜ್

ಅಕ್ಕನ ಹೆಸರು ಶಾಂತಾ. ಮದುವೆಯಾಗಿ ನೈರೋಬಿಗೆ ಹೋದವಳು ಅಲ್ಲಿಯವಳೇ ಆಗಿದ್ದಾಳೆ. ಅವಳ ಗಂಡ, ನಾನು ಮಾಮಾ ಎಂದು ಕರೆಯುವವರು, ಔಷಧ ಕಾರ್ಖಾನೆಯೊಂದರಲ್ಲಿ ಮ್ಯಾನೇಜರು. ಹೈರಿಡ್ಜಿನಲ್ಲಿ ಅವರ ಮನೆ. ಮೇಲಿನ ಮಹಡಿಯಲ್ಲಿ ಗುಜರಾತಿಗಳು, ಎದುರಿಗೆ ಕೊಂಕಣಿ ಮಾತಾಡುವ ಮಂಗಳೂರಿನವರು. ಮೆಟ್ಟಿಲ ಮೇಲೆ ನಿಂತರೆ ಒಂದು ಮನೆಯಿಂದ ಒಗ್ಗರಣೆ, ಇನ್ನೊಂದರಿಂದ ಮೀನು. ಅಕ್ಕನ ಮಗಳು ಅನಘಾ ನನ್ನ ಕನ್ನಡವನ್ನೆಲ್ಲ ಕೇಳಿಸಿಕೊಂಡು, "ಓಕೆ ಚಿಕ್ಕಮ್ಮ, ಐ ಗೆಟ್ ಇಟ್," ಅನ್ನುತ್ತಿದ್ದಳು. ಅಷ್ಟೇ ನಮ್ಮ ಸಂಭಾಷಣೆ.

ಮೊದಲ ವಾರದ ಒಂದು ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಹೊರಗೆ ಜಿಟಿಜಿಟಿ ಹನಿ. ಅಕ್ಕನ ಮಾತಿನ ಮೇಲೆ ನಾನು ಹೊಲಿದು ಊರಿಂದ ಒಯ್ದಿದ್ದ ಕೌದಿಯನ್ನು ಅವಳು ಇಬ್ಬರ ಕಾಲ ಮೇಲೂ ಎಳೆದುಕೊಂಡಳು. ಚಿಕ್ಕವರಿದ್ದಾಗ ಹಾಗೇ ಕೂಡುತ್ತಿದ್ದೆವು. ಅವಳು ಪಾಠ ಗಟ್ಟಿಯಾಗಿ ಓದುವುದು, ನಾನು ಅವ್ವನಿಗೆ ಸೂಜಿ ಪೋಣಿಸಿ ಕೊಡುವುದು. ಅವ್ವನ ಕಣ್ಣು ಮಬ್ಬಾದ ಮೇಲೆ ಸೂಜಿ ಪೋಣಿಸಲು ಮನೆಯಲ್ಲಿ ಒಬ್ಬರು ಬೇಕಾಯಿತು. ಅಕ್ಕ ಜಾಣೆ, ಅವಳ ಸಾಲೆ ಬಿಡಿಸುವ ಹಾಗಿರಲಿಲ್ಲ. ನಾನು ಬಿಟ್ಟೆ. ಅದರ ಬಗ್ಗೆ ನನಗೆ ದುಃಖವಿದೆ ಎಂದು ನಾನೇ ಅಂದುಕೊಂಡಿರಲಿಲ್ಲ.

ಅಕ್ಕ ಕೌದಿಯ ಮೇಲೆ ಬೆರಳಿಟ್ಟು ಒಂದೊಂದೇ ತುಣುಕನ್ನು ಗುರುತಿಸುತ್ತ ಹೋದಳು.

"ಇದು ಅವ್ವನ ಹಸರ ಸೀರಿ. ಇದು ಗಂಗವ್ವತ್ತಿ ಕುಪ್ಪಸ. ಇದು... ಇದು ಯಾರದ?"

"ಮೂಲಿಮನಿ ಪಾರ್ವತಿದು. ಆಕಿ ಮೊಮ್ಮಗ ಹುಟ್ಟಿದಾಗ ಕೊಟ್ಟಿದ್ಳು."

"ದೊಡ್ಡವ್ವಂದು ಎಲ್ಲೈತಿ?" ಅಂದಳು, ಅಂದು ತಾನೇ ನಕ್ಕಳು.

ಅದೊಂದು ಹಳೆಯ ಕಥೆ. ನಮ್ಮ ಓಣಿಯಲ್ಲಿ ಬಾಣಂತಿಗೋ ಮದುಮಗಳಿಗೋ ಕೌದಿ ಹೊಲಿಯುವಾಗ ಬೇಕಾದ ಮನೆಗಳಿಂದೆಲ್ಲ ಒಂದೊಂದು ತುಣುಕು ಕೇಳಿ ತರುತ್ತಾರೆ. ಯಾರ ಮನೆಯ ತುಣುಕು ಕೌದಿಯಲ್ಲಿ ಇಲ್ಲವೋ ಅವರ ಜೊತೆ ಮಾತು ಮುರಿದಿದೆ ಎಂದು ಅರ್ಥ. ಅವ್ವ ಒಮ್ಮೆ ಸಿಟ್ಟಿನಲ್ಲಿ ದೊಡ್ಡವ್ವನ ಮನೆಯ ತುಣುಕು ಬಿಟ್ಟಿದ್ದಳು. ದೊಡ್ಡವ್ವ ಬಂದು, ಹಾಸಿದ ಕೌದಿಯ ಮೇಲೆ ಕಣ್ಣಾಡಿಸಿ, ನೀರು ಸಹ ಮುಟ್ಟದೆ ಎದ್ದು ಹೋದವಳು ಬಹಳ ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ಕೌದಿಯಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದನ್ನು ನಮ್ಮ ಹೆಂಗಸರು ಬೇಗ ಓದುತ್ತಾರೆ.

ಪಾರ್ಕ್‌ಲ್ಯಾಂಡ್ಸ್

ಪಾರ್ಕ್‌ಲ್ಯಾಂಡ್ಸಿನ ಒಂದು ಹಳೆಯ ಕಟ್ಟಡದ ಹಾಲಿನಲ್ಲಿ ಅಕ್ಕ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಬರುವವರೆಲ್ಲ ಅಲ್ಲಿಯ ಹೆಂಗಸರು. ಮನೆಗೆಲಸದವರು, ಹಣ್ಣು ಮಾರುವವರು. ಮಶೀನಿನ ಹೊಲಿಗೆ ಬಂದರೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆ. ಅವರಲ್ಲಿ ಮುಂದಾಳು ವಂಜಿರು. ಎತ್ತರದ ಹೆಂಗಸು, ಮಾತಾಡಿದರೆ ಇಡೀ ಕೋಣೆ ತುಂಬುವ ದನಿ. ಅಕ್ಕನನ್ನು ಅವರೆಲ್ಲ 'ಟೀಚರ್' ಅನ್ನುತ್ತಿದ್ದರು. ನನ್ನನ್ನು 'ಮಾಮಾ ಗಿರಿಜಾ' ಅಂದರು. ಅಲ್ಲಿ ಮಾಮಾ ಎಂದರೆ ಅಮ್ಮ. ಮೊದಲ ದಿನ ನಾನು ಅಕ್ಕನ ಗಂಡ ಬಂದರೇನೋ ಎಂದು ತಿರುಗಿ ನೋಡಿದ್ದೆ.

ಅಲ್ಲಿಯ ಹೊಲಿಗೆ ಮಶೀನುಗಳನ್ನು ಕೊಟ್ಟದ್ದು ಒಂದು ದೇಶ. ಬಟ್ಟೆಯ ಥಾನುಗಳನ್ನು ಕೊಟ್ಟದ್ದು ಇನ್ನೊಂದು ದೇಶ. ಆ ಎರಡು ದೇಶಗಳ ಮಧ್ಯೆ ಯುದ್ಧ ನಡೆಯುತ್ತಿತ್ತು. ಅವುಗಳ ಹೆಸರು ಬರೆಯಬೇಡ ಎಂದು ಅಕ್ಕ ಹೇಳಿದ್ದಾಳೆ. ಅಲ್ಲಿಯ ಹೆಂಗಸರೂ ಹೆಸರು ಹೇಳುತ್ತಿರಲಿಲ್ಲ, ಮಶೀನಿನವರು, ಬಟ್ಟೆಯವರು ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ಎಲ್ಲೋ ಉತ್ತರದಲ್ಲಿ ಹೊಡೆದಾಡುವವರು ನೈರೋಬಿಯ ಹೆಂಗಸರಿಗೆ ಯಾಕೆ ಮಶೀನು ಕೊಡಬೇಕು? ಊಟದ ಹೊತ್ತಿನಲ್ಲಿ ಮಾಮಾನನ್ನು ಕೇಳಿದೆ.

"ಈ ದೇಶ ಯಾರ ಕಡೆನೂ ಇಲ್ಲ ಗಿರಿಜಾ," ಅಂದರು ಮಾಮಾ. "ಅದಕ್ಕ ಇಬ್ಬರಿಗೂ ಇದು ಬೇಕು. ಎಲ್ಲಾ ದೇಶ ಕೂಡಿದಾಗ ತಮ್ಮ ಕಡೆ ಕೈ ಎತ್ತಬೇಕಲ್ಲ. ನಮ್ಮಲ್ಲಿ ಇಲೆಕ್ಷನ್ ಬಂದಾಗ ಒಬ್ಬಾಂವ ಸೀರಿ ಕೊಡ್ತಾನ, ಇನ್ನೊಬ್ಬಾಂವ ಕುಕ್ಕರ್ ಕೊಡ್ತಾನ. ಇಲ್ಲಿ ಒಬ್ಬರು ಗೋಧಿ ಕಳಸ್ತಾರ, ಒಬ್ಬರು ಗೊಬ್ಬರ ಕಳಸ್ತಾರ. ಒಬ್ಬರು ಡಾಕ್ಟರ್ ಓದಾಕ ಕರಕೊಂಡು ಹೋಗ್ತಾರ, ಇನ್ನೊಬ್ಬರು ಇಂಜಿನಿಯರ್ ಓದಾಕ."

"ಮತ್ತ ನಮ್ಮ ಮಂದಿ ಎರಡೂ ಇಸ್ಕೊಂಡು ಬಾಯಿ ಮುಚ್ಕೊಂಡು ಕುಂಡ್ರತಾರಲ್ಲ?"

"ಇವರೂ ಹಂಗ. ನಿಮ್ಮಕ್ಕನೂ ಹಂಗ."

"ನಾ ಯಾಕ ಬಾಯಿ ಮುಚ್ಚಲಿ?" ಅಕ್ಕ ಅಡಿಗೆಮನೆಯಿಂದಲೇ ಅಂದಳು. "ಇವರು ಬಂದಾಗ ಅವರು ಕೊಟ್ಟಿದ್ದ ಹೇಳ್ತೀನಿ, ಅವರು ಬಂದಾಗ ಇವರು ಕೊಟ್ಟಿದ್ದ ಹೇಳ್ತೀನಿ. ಒಬ್ಬರ ಮುಂದ ಒಂದು, ಇನ್ನೊಬ್ಬರ ಮುಂದ ಇನ್ನೊಂದು ಅಂದ್ರ ಸಾಲಿ ಮರದಿನಾನ ಮುಚ್ಚತೈತಿ."

ಅಕ್ಕ ಅದನ್ನು ಬಹಳ ನಾಜೂಕಾಗಿ ನಡೆಸುತ್ತಿದ್ದಳು. ಬಟ್ಟೆಯವರು ಮಂಗಳವಾರ ಬರುತ್ತಿದ್ದರು, ಮಶೀನಿನವರು ಗುರುವಾರ. ಇಬ್ಬರಿಗೂ ಒಂದೇ ಬಗೆಯ ಕಪ್ಪಿನಲ್ಲಿ ಚಹಾ. ಗೋಡೆಯ ಮೇಲಿನ ಎರಡು ಬಾವುಟಗಳನ್ನು ನೂಲು ಹಿಡಿದು ಒಂದೇ ಎತ್ತರಕ್ಕೆ ಕಟ್ಟಿದ್ದಳು. ಒಮ್ಮೆ ಗಾಳಿಗೆ ಒಂದು ಜೋತುಬಿದ್ದಾಗ ಸ್ಟೂಲು ಹಾಕಿ ಹತ್ತಿ ಸರಿ ಮಾಡಿದಳು. ನಾನು ನಕ್ಕದ್ದಕ್ಕೆ, "ನಗಬ್ಯಾಡ. ಇಷ್ಟ ನೋಡೇ ಅವರು ಫೋಟೋ ತೆಗಿತಾರ," ಅಂದಳು.

ಮಶೀನಿನವರ ಪರವಾಗಿ ಬರುತ್ತಿದ್ದವರು ಒಬ್ಬ ವಯಸ್ಸಾದ ಮನುಷ್ಯ. ಬಿಳಿ ಮೀಸೆ, ಬಾಗಿದ ಬೆನ್ನು. ನಾನು ಮನಸ್ಸಿನಲ್ಲೇ ಮಶೀನಿನ ಅಜ್ಜ ಎಂದು ಕರೆದೆ. ಬಂದವರೇ ಕೋಟು ಕಳಚಿ ಮಶೀನುಗಳಿಗೆ ಎಣ್ಣೆ ಬಿಡುತ್ತಿದ್ದರು. ಮಾತು ಕಡಿಮೆ. ನನ್ನನ್ನು ಕಂಡರೆ ತಲೆಬಾಗಿಸಿ ನಮಸ್ಕಾರ, ಅಷ್ಟೇ.

ಬಟ್ಟೆಯವರ ಪರವಾಗಿ ಬರುತ್ತಿದ್ದವರು ಹಸಿರು ಕೋಟಿನ ಒಬ್ಬ ಹೆಂಗಸು. ನಮ್ಮ ಕಡೆ ದೊಡ್ಡ ಮನೆತನದ ಹೆಂಗಸರನ್ನು ಕರೆಯುವ ಹಾಗೆ ನಾನು ಅವರನ್ನು ಬಾಯಾರು ಎಂದೆ.

ಅವರು ಮೊದಲ ಸಲ ಬಂದಾಗ ನಾನು ಮೂಲೆಯಲ್ಲಿ ಕೂತು ಚಿಂದಿ ಜೋಡಿಸುತ್ತಿದ್ದೆ. ಬಾಯಾರು ಅಕ್ಕನ ಜೊತೆ ಮಾತಾಡುತ್ತಿದ್ದವರು ಅಲ್ಲೇ ನಿಲ್ಲಿಸಿ ನನ್ನ ಹತ್ತಿರ ಬಂದರು. ಆ ಒಳ್ಳೆಯ ಕೋಟಿನಲ್ಲೇ ನೆಲದ ಮೇಲೆ ಕೂತರು. ನನ್ನ ಹೊಲಿಗೆಯ ಸಾಲಿನ ಮೇಲೆ ಬೆರಳು ಓಡಿಸಿ, ಫೋನು ತೆಗೆದು ಅದಕ್ಕೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಫೋನು ಗಂಭೀರವಾಗಿ ಕನ್ನಡದಲ್ಲಿ ನುಡಿಯಿತು: "ನನ್ನ ಅಜ್ಜಿಯು ಸಹ ಇಂತಹ ಹೊದಿಕೆಗಳನ್ನು ನಿರ್ಮಿಸುತ್ತಿದ್ದಳು. ನಿಮ್ಮ ಕೈಯು ಅತ್ಯಂತ ಶ್ರೇಷ್ಠವಾದ ಕೈ ಆಗಿದೆ."

ವಂಜಿರುಗೆ ಅದು ತಿಳಿಯಲಿಲ್ಲ, ಆದರೂ ಫೋನಿನ ದನಿ ಕೇಳಿ ನಕ್ಕಳು. ನಾನು ನಗಲಿಲ್ಲ. ನನ್ನ ಕೈ ಶ್ರೇಷ್ಠ ಎಂದು ಈ ಜನ್ಮದಲ್ಲಿ ಯಾರೂ ಅಂದಿರಲಿಲ್ಲ. ಬೆಟಗೇರಿಯಲ್ಲಿ ಕೌದಿ ಹೊಲಿಯುವುದು ರೊಟ್ಟಿ ಬಡಿಯುವ ಹಾಗೆ. ಅದಕ್ಕೆಲ್ಲ ಯಾರು ಹೊಗಳುತ್ತಾರೆ?

ಆಮೇಲೆ ಪ್ರತಿ ಮಂಗಳವಾರ ಬಾಯಾರು ಮೊದಲು ನನ್ನ ಹತ್ತಿರ ಬರತೊಡಗಿದರು. ಚಾಕಲೇಟು ತಂದರು. ನನಗೊಂದು ಉಣ್ಣೆಯ ಶಾಲು ತಂದರು. ಒಂದು ದಿನ ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಮಿತುಂಬಾ ಸಂತೆಗೆ ಕರೆದೊಯ್ದರು. ಹೊರದೇಶದಿಂದ ಬಂದ ಹಳೆಯ ಬಟ್ಟೆಗಳನ್ನು ಅಲ್ಲಿ ಗುಡ್ಡ ಹಾಕಿ ಮಾರುತ್ತಾರೆ. ಅಷ್ಟು ಬಣ್ಣ, ಅಷ್ಟು ಬಗೆಯ ನೂಲು ಒಂದೇ ಕಡೆ ಕಂಡು ನಾನು ಜಾತ್ರೆಗೆ ಬಂದ ಕೂಸಿನ ಹಾಗೆ ಎಲ್ಲ ಗುಡ್ಡವನ್ನೂ ಕೈಯಿಂದ ಕೆದಕಿದೆ. ಬಾಯಾರು ಪಕ್ಕದಲ್ಲೇ ನಿಂತು ನನ್ನ ಚೀಲ ಹಿಡಿದುಕೊಂಡಿದ್ದರು. ಇವತ್ತೂ ಆ ಮಧ್ಯಾಹ್ನವನ್ನು ನೆನೆದರೆ ಸಂತೋಷವೇ ಆಗುತ್ತದೆ. ಏನು ಮಾಡಲಿ, ಸುಳ್ಳು ಹೇಳಲಾರೆ.

ಗಿಗಿರಿ

ಗಿಗಿರಿ ಎಂದರೆ ದೊಡ್ಡ ದೊಡ್ಡ ದೇಶಗಳ ಕಚೇರಿಗಳಿರುವ ಕಡೆ. ಎತ್ತರದ ಗೋಡೆ, ಅದರಾಚೆ ಮರ, ಗೇಟಿನಲ್ಲಿ ಕನ್ನಡಿ ಹಿಡಿದು ಕಾರಿನ ಹೊಟ್ಟೆ ನೋಡುವವರು. ಅಲ್ಲಿಯ ಒಂದು ಹಾಲಿನಲ್ಲಿ ಹೆಂಗಸರ ಕೈಕಸುಬಿನ ಪ್ರದರ್ಶನ ಇಡುವವರಿದ್ದರು. ಆ ದೇಶ ಈ ದೇಶ ಎಲ್ಲರೂ ಬರುವಂಥದ್ದು. ಅಕ್ಕನ ಶಾಲೆಯಿಂದ ಒಂದು ಕೌದಿ ಇಡೋಣ, ಗಿರಿಜಾ ಹೊಲಿಯಲಿ ಎಂದು ಬಾಯಾರು ಹೇಳಿದರು. ನನಗೆ ರೆಕ್ಕೆ ಬಂದಂತಾಯಿತು.

ಅಕ್ಕ ಒಪ್ಪಿದಳು, ಒಂದು ಮಾತಿನ ಮೇಲೆ.

"ಎಲ್ಲಾರದೂ ತುಣುಕು ಬರಬೇಕು ನೋಡ. ಬಟ್ಟಿಯವರದು ಥಾನಿನಾಗಿಂದ ಕತ್ತರಿಸು. ವಂಜಿರು, ಮತ್ತ ಈ ಹೆಣ್ಮಕ್ಕಳೆಲ್ಲಾ ಒಂದೊಂದು ತುಣುಕು ತರತಾರ. ಮಶೀನಿನವರದು ಅರಿವಿ ಇಲ್ಲ. ಆದ್ರ ಮಶೀನ್ ಬಂದಾಗ ಕಟ್ಟಿದ್ದ ರಿಬ್ಬನ್ ಐತಿ, ಅವರ ಬಾವುಟದ ಬಣ್ಣದ್ದು. ಅದನ್ನ ನಡುವ ಹಚ್ಚು."

ಹಚ್ಚಿದೆ. ಗುರುವಾರ ಅಜ್ಜ ಬಂದಾಗ ಅಕ್ಕ ಇದನ್ನು ಅವರಿಗೆ ವಿವರಿಸಿ ಹೇಳಿದಳು. ನಮ್ಮೂರಿನಲ್ಲಿ ಕೌದಿಗೆ ಎಲ್ಲ ಮನೆಯ ತುಣುಕು ಬರುತ್ತದೆ, ನಿಮ್ಮದೂ ಇದೆ ಎಂದು. ಅಜ್ಜ ಎಣ್ಣೆಯ ಕೈ ಒರೆಸಿಕೊಂಡು ನನ್ನ ಕಡೆ ನೋಡಿದರು. ಆ ದಿನ ಮೊದಲ ಸಲ ನಕ್ಕರು. ಪ್ರದರ್ಶನಕ್ಕೆ ತಮ್ಮ ದೊಡ್ಡ ಸಾಹೇಬರನ್ನು ಕರೆತರುತ್ತೇನೆ ಅಂದರು.

ಮುಂದಿನ ಮಂಗಳವಾರ ಬಾಯಾರು ಬಂದು ನೆಲಕ್ಕೆ ಕೂತರು. ಅರ್ಧ ಹೊಲಿದ ಕೌದಿಯನ್ನು ಸವರುತ್ತ ಬಂದ ಕೈ ರಿಬ್ಬನ್ನಿನ ಹತ್ತಿರ ನಿಂತಿತು. ಆಮೇಲೆ ಆ ಕೈಯನ್ನು ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಫೋನು ತೆಗೆಯಲಿಲ್ಲ. ಬೇಗ ಎದ್ದು ಹೋದರು. ಆ ದಿನ ಚಾಕಲೇಟು ಇರಲಿಲ್ಲ.

ತೆಗೆ ಎಂದು ಅವರು ಹೇಳಿದ್ದರೆ ನಾನು ಅಕ್ಕನಿಗೆ ಹೇಳುತ್ತಿದ್ದೆನೇನೋ. ಅವರು ಹೇಳಲಿಲ್ಲ. ಅವರ ಮುಖ ಬಾಡಿದ್ದು ನನಗೆ ತಡೆಯಲಾಗಲಿಲ್ಲ. ಯುದ್ಧದಲ್ಲಿ ಯಾರು ಸರಿ ಯಾರು ತಪ್ಪು ಎಂದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ನನ್ನ ಪಕ್ಕ ನೆಲದ ಮೇಲೆ ಕೂತವರು ಬಾಯಾರು, ಅಜ್ಜ ಕೂತಿರಲಿಲ್ಲ. ಅಷ್ಟೇ ನನ್ನ ನ್ಯಾಯ. ಪ್ರದರ್ಶನದ ಹಿಂದಿನ ದಿನ ಅಕ್ಕ ಸಾಮಾನು ತರಲು ಹೋದಾಗ ರಿಬ್ಬನ್ನು ಬಿಚ್ಚಿದೆ. ಆ ಜಾಗಕ್ಕೆ ಬಾಯಾರ ಥಾನಿನ ಹಳದಿ ತುಣುಕು ಹಚ್ಚಿದೆ. ದೊಡ್ಡವ್ವ ನೀರು ಮುಟ್ಟದೆ ಎದ್ದು ಹೋದದ್ದನ್ನು ಕಣ್ಣಾರೆ ಕಂಡವಳು ನಾನು. ಗೊತ್ತಿಲ್ಲದೆ ಮಾಡಿದೆ ಅನ್ನಲು ಬರುವುದಿಲ್ಲ.

ಪ್ರದರ್ಶನದ ದಿನ ಕೌದಿಯನ್ನು ಹಾಲಿನ ನಡುಗೋಡೆಗೆ ತೂಗುಹಾಕಿದ್ದರು. ಮಂತ್ರಿಯ ಕಡೆಯವರು, ಕ್ಯಾಮೆರಾದವರು, ಎಲ್ಲ ಬಗೆಯ ಸೂಟು. ನಮ್ಮ ವಂಜಿರು ಹೂವಿನ ಚಿತ್ತಾರದ ಹೊಸ ಅಂಗಿ ಹಾಕಿಕೊಂಡು ಕೌದಿಯ ಪಕ್ಕದಲ್ಲೇ ನಿಂತು, ಅದರಲ್ಲಿ ತನ್ನ ತುಣುಕು ಯಾವುದು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಮಶೀನಿನ ಅಜ್ಜ ಇಸ್ತ್ರಿ ಮಾಡಿದ ಕೋಟಿನಲ್ಲಿ ದೊಡ್ಡ ಸಾಹೇಬರನ್ನು ಕರೆತಂದರು. ಹತ್ತಿರ ಬಂದು, ನಡುವಿನ ಕಡೆ ಕೈ ತೋರಿಸಿದರು. ಆ ಕೈ ಅಲ್ಲೇ ನಿಂತಿತು. ಮೇಲೆ ನೋಡಿದರು, ಕೆಳಗೆ ನೋಡಿದರು, ಅಂಚಿನ ಸುತ್ತ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಸಾಹೇಬರು ಕಾದು ನಿಂತಿದ್ದರು.

ಅಕ್ಕನಿಗೆ ಒಂದೇ ನೋಟಕ್ಕೆ ತಿಳಿಯಿತು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ರಿಬ್ಬನ್ ಎಲ್ಲಿ?"

"ಇಸ್ತ್ರಿ ಮಾಡೂ ಮುಂದ ಸುಟ್ಟು ಕಿತ್ತು ಬಂತಕ್ಕಾ," ಅಂದೆ. ಅಷ್ಟು ಸಲೀಸಾಗಿ ಬಾಯಿಗೆ ಬಂತು.

ಅಕ್ಕ ನಂಬಿದಳು. ಅವರ ಮುಂದೆ ಹೋಗಿ ಇಂಗ್ಲಿಷಿನಲ್ಲಿ ನನ್ನ ಸುಳ್ಳನ್ನೇ ತನ್ನ ಸತ್ಯ ಎಂದು ಹೇಳಿದಳು, ಕ್ಷಮೆ ಕೇಳಿದಳು. ದೊಡ್ಡ ಸಾಹೇಬರು ಹಳದಿ ತುಣುಕಿನ ಮೇಲೆ ಬೆರಳಿಟ್ಟು ಏನೋ ಅಂದು ಹೊರಟುಹೋದರು. ಆ ತುಣುಕು ಯಾರ ಥಾನಿನದು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಜ್ಜ ಹಿಂದೆಯೇ ಹೋಗಲಿಲ್ಲ. ಸ್ವಲ್ಪ ಹೊತ್ತು ಕೌದಿಯ ಎದುರಿಗೇ ನಿಂತಿದ್ದರು. ಹೋಗುವಾಗ ಎಂದಿನಂತೆ ನನಗೆ ತಲೆಬಾಗಿಸಿದರು.

ಹಾಲಿನ ಆ ತುದಿಯಲ್ಲಿ ಹಸಿರು ಕೋಟು ನನ್ನ ಕಡೆ ನೋಡಿ ಕೈ ಬೀಸಿತು.

ಮತ್ತೆ ಪಾರ್ಕ್‌ಲ್ಯಾಂಡ್ಸ್

ಮಶೀನಿನವರು ಜಗಳ ಮಾಡಲಿಲ್ಲ. ಬಹಳ ಮರ್ಯಾದೆಯಿಂದ ಒಂದು ಲಾರಿ ಕಳಿಸಿದರು. ಮಶೀನುಗಳು ಬೇರೆ ಊರಿನಲ್ಲಿ ಬೇಕಾಗಿವೆಯಂತೆ. ವಂಜಿರು ಮತ್ತು ಉಳಿದ ಹೆಂಗಸರು ತಾವೇ ಎತ್ತಿ ಲಾರಿಗೆ ಏರಿಸಿದರು. ಅಜ್ಜ ಆ ದಿನ ಬಂದಿರಲಿಲ್ಲ.

ಬಾಯಾರು ಮಶೀನು ಕೊಡುತ್ತಾರೆ ಎಂದು ನನಗೆ ಭರವಸೆ ಇತ್ತು. ಮಂಗಳವಾರ ನೆಲ ಗುಡಿಸಿ ಅವರಿಗೆಂದು ಚಾಪೆ ಹಾಸಿ ಕಾದೆ. ಬಂದದ್ದು ಅವರ ಡ್ರೈವರು, ಕೈಯಲ್ಲಿ ಒಂದು ಬೋರ್ಡು. ಬಾಗಿಲ ಮೇಲೆ ಹಾಕಬೇಕು, ಇನ್ನು ಮುಂದೆ ಇದು ತಮ್ಮ ದೇಶದ ಹೆಸರಿನ ಶಾಲೆ, ಬೋರ್ಡು ಹಾಕಿದ ಮೇಲೆ ಮಶೀನಿನ ವಿಚಾರ ನೋಡೋಣ ಎಂದು ಹೇಳಿ ಕಳಿಸಿದ್ದರು. ಬಾಯಾರು ಯಾಕೆ ಬರಲಿಲ್ಲ ಎಂದು ಅಕ್ಕನ ಕೈಲಿ ಕೇಳಿಸಿದೆ. ಅವರಿಗೆ ಈಗ ಬೇರೆ ಕಡೆ ಕೆಲಸವಿದೆ, ಇಲ್ಲಿಯ ಕೆಲಸ ಮುಗಿಯಿತಲ್ಲ, ಅಂದ ಡ್ರೈವರು. ಪಾಪ, ಅವನು ಯಾವ ಕೆಟ್ಟ ಮನಸ್ಸಿನಿಂದಲೂ ಅನ್ನಲಿಲ್ಲ.

ಅಕ್ಕ ಬೋರ್ಡನ್ನು ತಿರುಗಿಸಿ ಅವನ ಕೈಗೇ ಕೊಟ್ಟಳು. ಆಮೇಲೆ ಥಾನುಗಳೂ ಬರುವುದು ನಿಂತಿತು.

ಖಾಲಿ ಹಾಲಿನಲ್ಲಿ ಅಕ್ಕ ಎಲ್ಲರನ್ನೂ ಕೂಡಿಸಿ ಮಾತಾಡಿದಳು. ಸ್ವಾಹಿಲಿ ನನಗೆ ಬಾರದು. ಆದರೆ ಅವಳು ಎದೆಯ ಮೇಲೆ ಕೈಯಿಟ್ಟು ಮಾತಾಡುವುದನ್ನು ಕಂಡು ತಿಳಿಯಿತು, ತಪ್ಪು ನನ್ನದು, ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ ಅನ್ನುತ್ತಿದ್ದಾಳೆ. ಹೆಂಗಸರು ತಲೆ ತಗ್ಗಿಸಿದ್ದರು. ನನಗೆ ಕೂರಲು ಆಗಲಿಲ್ಲ, ಎದ್ದು ನಿಂತೆ.

"ಅಕ್ಕಾ, ಹಂಗ ಹೇಳಬ್ಯಾಡ. ರಿಬ್ಬನ್ ಇಸ್ತ್ರಿಗೆ ಸುಟ್ಟಿಲ್ಲ. ನಾನ ಬಿಚ್ಚೀನಿ."

"ಏನಂದಿ?"

"ಬಾಯಾರ ಸಂಬಂಧ ಬಿಚ್ಚೀನಿ. ನಿನಗ ಸುಳ್ಳ ಹೇಳೀನಿ. ಇವರಿಗೆ ಹೇಳು."

ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡು, "ಮೊದಲಿಂದ ಹೇಳು. ನಾ ಇವರಿಗೆ ತಿಳಿಸಿ ಹೇಳ್ತೀನಿ," ಅಂದಳು.

ನಾನು ಒಂದು ಮಾತು ಹೇಳುವುದು, ಅವಳು ಅದನ್ನು ಸ್ವಾಹಿಲಿಯಲ್ಲಿ ಹೇಳುವುದು. ಶಾಲು ತೆಗೆದುಕೊಂಡೆ ಎಂದೆ, ಹೇಳಿದಳು. ಯಾರೋ ನನ್ನ ಕೈಯನ್ನು ಹೊಗಳಿದರು, ಅದಕ್ಕೆ ಸೋತೆ ಎಂದೆ, ಹೇಳಿದಳು. ಅಕ್ಕನಿಗೆ ಸುಳ್ಳು ಹೇಳಿ ಅವಳ ಬಾಯಿಂದ ಆ ಸುಳ್ಳನ್ನು ಹೇಳಿಸಿದೆ ಎಂದಾಗ ಅವಳ ದನಿ ಒಂದು ಸಲ ತಡವರಿಸಿತು. ಆದರೂ ಒಂದಕ್ಷರ ಬಿಡದೆ ಹೇಳಿದಳು ಎಂದು ನನಗೆ ನಂಬಿಕೆ.

ಕೊನೆಗೆ ವಂಜಿರು ಏನೋ ಕೇಳಿದಳು.

"ಚಾಕಲೇಟ್ ಚಲೋ ಇತ್ತೇನು ಅಂತ ಕೇಳಾಕತ್ತಾಳ," ಅಂದಳು ಅಕ್ಕ.

"ಚಲೋ ಇತ್ತು," ಅಂದೆ.

ಒಂದಿಬ್ಬರು ನಕ್ಕರು. ವಂಜಿರೂ ನಕ್ಕಳು. ನನಗೆ ಸ್ವಲ್ಪ ಧೈರ್ಯ ಬಂತು. ಮಶೀನು ಇಲ್ಲದಿದ್ದರೇನು, ಮಿತುಂಬಾ ಸಂತೆಯಲ್ಲಿ ಚಿಂದಿ ಸಿಗುತ್ತದೆ, ನಾನು ನಿಮಗೆಲ್ಲ ಕೈಯಲ್ಲಿ ಕೌದಿ ಹೊಲಿಯಲು ಕಲಿಸುತ್ತೇನೆ, ಇನ್ನೂ ಎರಡು ತಿಂಗಳು ಇರುತ್ತೇನೆ ಎಂದೆ. ವಂಜಿರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳು ಹೇಳಿದ್ದನ್ನು ಅಕ್ಕ ಹೇಳಿದಳು:

"ಮಾಮಾ ಗಿರಿಜಾ, ಹೊದ್ಕೊಳಾಕ ನಮ್ಮ ಮನ್ಯಾಗ ಐತಿ. ಕಾರ್ಖಾನೆಯವರು ಮಶೀನ್ ಬರತೈತೇನು ಅಂತ ಕೇಳ್ತಾರ, ಕೈ ಹೊಲಿಗಿ ಕೇಳಂಗಿಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಬೇರೆ ಕಡೆ ಎಲ್ಲಿ ಮಶೀನಿದೆ ಎಂದು ಹುಡುಕಲು ನಾಳೆಯೇ ಹೊರಡಬೇಕು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಬ್ಬೊಬ್ಬರೇ ಹೋದರು. ಅಕ್ಕ ಪ್ರತಿಯೊಬ್ಬರನ್ನೂ ಬಾಗಿಲ ತನಕ ಕಳಿಸಿ ಬಂದಳು. ಹಾಲಿಗೆ ಬೀಗ ಹಾಕಿ ಕೀಲಿಯನ್ನು ಕಟ್ಟಡದ ಕಾವಲಿನವನಿಗೆ ಕೊಟ್ಟಳು.

ಮಟಾಟು

ಮಾಮಾನ ಕಾರು ಆ ಸಂಜೆ ಇರಲಿಲ್ಲ. ಹೈರಿಡ್ಜಿಗೆ ನಡೆದೇ ಹೋಗಬಹುದು, ಆದರೆ ಅಕ್ಕ ಏನೂ ಹೇಳದೆ ಎದುರಿಗೆ ಬಂದ ಮಟಾಟು ಹತ್ತಿದಳು. ನಾನೂ ಹತ್ತಿದೆ. ನಮ್ಮಲ್ಲಿಯ ಟೆಂಪೋ ಇದ್ದ ಹಾಗೆ, ಆದರೆ ಮೈತುಂಬ ಚಿತ್ರ, ಕಿವಿ ಕಿತ್ತುಹೋಗುವಂಥ ಹಾಡು. ಇಬ್ಬರಿಗೂ ಹಿಂದಿನ ಸೀಟು ಸಿಕ್ಕಿತು. ಪಕ್ಕದಲ್ಲಿ ಮಡಿಲಲ್ಲಿ ಕೋಸಿನ ಗಡ್ಡೆ ಇಟ್ಟುಕೊಂಡ ಒಬ್ಬ ಅಜ್ಜಿ.

"ಬೈಯ್ಯಕ್ಕಾ," ಅಂದೆ. "ಏನರೆ ಅನ್ನು. ಹಿಂಗ ಸುಮ್ಮ ಕುಂಡ್ರಬ್ಯಾಡ."

ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಇಷ್ಟು ದಿನ ಅವಳ ಬಾಯಲ್ಲಿ ಕೇಳಿದ್ದು ಎಲ್ಲರಿಗೂ ಹಿತವಾಗುವ ಮಾತು, ಯಾರಿಗೂ ನೋಯದ ಹಾಗೆ ತೂಗಿ ಆಡಿದ ಮಾತು. ನನ್ನ ಜೊತೆಯೂ ಇನ್ನು ಹಾಗೇ ಇದ್ದುಬಿಟ್ಟರೆ ಏನು ಮಾಡುವುದು ಎಂದು ಭಯವಾಯಿತು. ನಾನು ಹೋಗುವವರೆಗೂ ಬಿಸಿ ಬಿಸಿ ಊಟ ಬಡಿಸಿ, ವಿಮಾನ ಹತ್ತಿಸಿ, ನಗುತ್ತ ಕೈ ಬೀಸಿಬಿಟ್ಟರೆ?

"ಖೋಡಿ!" ಅಂದಳು ಅಕ್ಕ.

ಅಜ್ಜಿ ಬೆಚ್ಚಿ ಕೋಸಿನ ಗಡ್ಡೆ ಹಿಡಿದುಕೊಂಡಳು.

"ಖೋಡಿ, ಹ್ಯಾಂವಗೇಡಿ! ಈ ಊರಾಗ ನಾ ಒಬ್ಬರಿಗೂ ಸುಳ್ಳ ಹೇಳಿದ್ದಿಲ್ಲ. ಅದರ ಮ್ಯಾಲ ನಿಂತಿತ್ತು ಸಾಲಿ. ಎಂಥೆಂಥಾ ಕೋಟಿನವರು ಬಂದ್ರು, ಒಬ್ಬರ ಕೈಯಾಗೂ ಸಿಗಲಿಲ್ಲ ನಾನು. ನೀ ಒಂದು ಚಾಕಲೇಟಿಗೆ ಸಿಕ್ಕೆಲ್ಲಾ! ಒಂದು ಶಾಲಿಗೆ! ಶಾಲು ನಾ ಕೊಡಿಸ್ತಿದ್ದಿಲ್ಲೇನ? ನಿನ್ನ ಕೈ ಚಲೋ ಐತಿ ಅಂತ ಅನ್ನಾಕ ನಾ ಸತ್ತಿದ್ನೇನ?"

"ನೀ ಎಂದೂ ಅಂದಿಲ್ಲಕ್ಕಾ."

"ಅನ್ನಬೇಕೇನ? ಗೊತ್ತಾಗಂಗಿಲ್ಲೇನ? ನೀ ಹೊಲಿದ ಕೌದಿ ಇಲ್ಲಿತನಕ ಯಾಕ ತರಿಸ್ಕೊಂಡೆ? ಇಲ್ಲಿ ಅಂಗಡ್ಯಾಗ ಬ್ಲ್ಯಾಂಕೆಟ್ ಸಿಗಂಗಿಲ್ಲೇನ? ಆ ಹೆಣ್ಮಕ್ಕಳು, ಆ ವಂಜಿರು, ಒಂದ ತಿಂಗಳು ಬಾಕಿ ಇತ್ತು ಆಕಿಗೆ, ಒಂದ ತಿಂಗಳಾಗಿದ್ರ ಕಾರ್ಖಾನೆ ಸೇರ್ತಿದ್ಳು. ಆ ಮುದುಕನ ಮಾರಿ ನೋಡಿದೇನ ನೀನು?"

ಅಲ್ಲಿಂದ ಶುರುವಾಯಿತು. ನಾನು ಚಿಕ್ಕವಳಿದ್ದಾಗ ಅವಳ ಪಾಟಿ ಒಡೆದದ್ದು, ಒಡೆದು ಬೆಕ್ಕಿನ ಮೇಲೆ ಹಾಕಿದ್ದು, ಅವಳ ಮದುವೆಯ ದಿನ ಅತ್ತು ಮೂಲೆ ಸೇರಿ ಕಳಿಸಿಕೊಡಲು ಬರದೇ ಇದ್ದದ್ದು, ಅವ್ವ ಸತ್ತ ಸುದ್ದಿಯನ್ನು ಅವಳಿಗೆ ತಡಮಾಡಿ ತಿಳಿಸಿದ್ದು. ಎಲ್ಲ ಬಂತು. ತಾನು ಓದಿದ್ದಕ್ಕೆ ನಾನು ಓದಲಿಲ್ಲ ಎನ್ನುವುದೂ ಬಂತು, ಅದನ್ನು ಹೇಳುವಾಗ ಅವಳ ದನಿ ಇನ್ನೂ ಏರಿತು. ಹಾಡಿಗಿಂತ ಜೋರಾಗಿ ಮಾತಾಡುತ್ತಿದ್ದಳು. ಕಂಡಕ್ಟರು ಹಿಂದೆ ನೋಡಿ ಹಾಡಿನ ಸದ್ದು ಇಳಿಸಿದ. ಜನ ಎಲ್ಲ ತಿರುಗಿ ನೋಡಿದರು. ಅಜ್ಜಿ ನನ್ನ ಮೊಣಕೈ ಮುಟ್ಟಿ, "ಪೊಲೆ," ಅಂದಳು. ಪಾಪ ಎನ್ನುವ ಅರ್ಥದಲ್ಲಿ.

ಇಷ್ಟು ವರ್ಷದ ಮೇಲೆ ಅಕ್ಕನ ಬಾಯಲ್ಲಿ ಇಂಗ್ಲಿಷ್ ಬೆರೆಯದ, ಯಾರಿಗೂ ಹೆದರದ ಬೆಟಗೇರಿಯ ಮಾತು ಕೇಳಿದೆ. ಬೈಯುವಾಗ ಅವಳ ಹುಬ್ಬು ಗಂಟಾಗುವುದು, ಪದದ ಕೊನೆಯಲ್ಲಿ ಕೈ ಝಾಡಿಸುವುದು, ಎಲ್ಲ ಅವ್ವನದೇ. ನನಗೆ ಅಳು ಬರುತ್ತಿತ್ತು, ನಾಚಿಕೆಯಾಗುತ್ತಿತ್ತು. ಆದರೂ ಅವಳು ನಿಲ್ಲಿಸಬಾರದು ಅನ್ನಿಸುತ್ತಿತ್ತು.

ಕಿಟಕಿಯಲ್ಲಿ ಹೈರಿಡ್ಜಿನ ನಮ್ಮ ತಿರುವು ಬಂತು, ಕಂಡಕ್ಟರು ತಗಡು ಬಡಿದು ಕೂಗಿದ, ಯಾರೋ ಇಳಿದರು. ಅಕ್ಕ ಹಿಂದೆ ಮುಂದೆ ನೋಡದೆ ನನ್ನ ಮದುವೆಯ ಮಾತು ಮುರಿದ ವರ್ಷಕ್ಕೆ ಬಂದಿದ್ದಳು. ಮಟಾಟು ಹೊರಟಿತು. ಇಳಿಯುವ ಜಾಗ ದಾಟಿಹೋಯಿತು ಎಂದು ನಾನು ಹೇಳಲಿಲ್ಲ.